ಓಡುವಾಗ ಅಲ್ಲ, ಓಡಿ ಬಂದ ಮೇಲೆ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮಗಳು ಎಂಟನೇ ಕ್ಲಾಸು, ಕುದುರೆ ಅಂದ್ರೆ ಪ್ರಾಣ. ಮೈಸೂರು ರೇಸ್‌ಕೋರ್ಸಿನಲ್ಲಿ ಬೆಳಗಿನ ಜಾವ ಕುದುರೆಗಳಿಗೆ ತರಬೇತಿ ಕೊಡ್ತಾರಂತೆ, ಅದನ್ನು ತೋರಿಸಿ ಅಂತ ಒಂದೇ ಹಟ. ನಮ್ಮತ್ತೆ ಮಾತ್ರ ‘ಜೂಜಿನ ಜಾಗಕ್ಕೆ ಮಗೂನ ಕರ್ಕೊಂಡು ಹೋಗ್ತೀರಾ’ ಅಂತ ಬೈತಾರೆ. ಹೋಗಬಹುದಾ? ಹೋದರೆ ಏನು ನೋಡಬೇಕು? ನಮಗೆ ಹಸು, ನಾಯಿ ಬಿಟ್ಟರೆ ಏನೂ ಗೊತ್ತಿಲ್ಲ. – ಓದುಗರೊಬ್ಬರು, ಗೋಣಿಕೊಪ್ಪ

ಉತ್ತರ: ಖಂಡಿತ ಹೋಗಿ ಅಕ್ಕ. ಅತ್ತೆಯವರ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ, ಬಾಜಿ ಕಟ್ಟಿ ಕೈ ಸುಟ್ಟುಕೊಂಡವರನ್ನು ಅವರ ಕಾಲದವರು ಕಂಡಿರುತ್ತಾರೆ. ಕುದುರೆ ರೇಸು ಬರೀ ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ 1996ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಆದರೆ ಆ ತೀರ್ಪನ್ನು ಅತ್ತೆಗೆ ಓದಿ ಹೇಳಿ ಏನೂ ಪ್ರಯೋಜನ ಇಲ್ಲ! ಬೆಳಗಿನ ತರಬೇತಿ ಹೊತ್ತಿನಲ್ಲಿ ಬುಕ್ಕಿಯೂ ಇಲ್ಲ, ಬಾಜಿಯೂ ಇಲ್ಲ, ಅಷ್ಟು ಹೇಳಿ ಸಾಕು. ರೇಸ್ ದಿನದ ಮಾತು ಬೇರೆ. ಅವತ್ತು ಮಗಳನ್ನು ಕರ್ಕೊಂಡು ಹೋಗಬೇಡಿ.

ಆದರೆ ರೇಸ್‌ಕೋರ್ಸ್ ಅಂದ್ರೆ ಪಾರ್ಕ್ ಅಲ್ಲ, ಗೇಟು ತೆರೆದಿದೆ ಅಂತ ಒಳಗೆ ನುಗ್ಗುವ ಹಾಗಿಲ್ಲ. ಮೊದಲೇ ಕ್ಲಬ್ಬಿನ ಆಫೀಸಿಗೆ ಫೋನ್ ಮಾಡಿ ಕೇಳಿ. ನಿಮ್ಮ ಪರಿಚಯದ ತೋಟದವರು ಯಾರಾದರೂ ರೇಸ್ ಕುದುರೆ ಇಟ್ಟಿದ್ದರೆ ಅವರ ಮೂಲಕ ಟ್ರೈನರ್ ಹತ್ತಿರ ಮಾತಾಡಿಸಿ, ಅದು ಇನ್ನೂ ಸುಲಭ. ಒಳಗೆ ಬಿಡಲಿಲ್ಲ ಅಂದ್ರೂ ಬೇಜಾರಿಲ್ಲ. ರೇಸ್‌ಕೋರ್ಸ್ ಇರೋದು ಚಾಮುಂಡಿ ಬೆಟ್ಟದ ಬುಡದಲ್ಲೇ, ಬೆಟ್ಟದ ರಸ್ತೆಯಿಂದ ಇಡೀ ಟ್ರ್ಯಾಕು ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಒಂದು ಬೈನಾಕ್ಯುಲರ್ ಇಟ್ಟುಕೊಳ್ಳಿ. ಇನ್ನೊಂದು ಮಾತು. ಕುದುರೆಗಳು ಇನ್ನೂ ನಸುಕಿರುವಾಗಲೇ ಟ್ರ್ಯಾಕಿಗೆ ಬರುತ್ತವೆ, ಬಿಸಿಲೇರುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಅದಕ್ಕೆ ಅಂತ ರಾತ್ರಿ ಮೂರಕ್ಕೆ ಗೋಣಿಕೊಪ್ಪ ಬಿಟ್ಟು ತಿತಿಮತಿ, ಆನೆಚೌಕೂರು ದಾರಿಯಲ್ಲಿ ಆನೆ ಎದುರು ನಿಲ್ಲಬೇಡಿ. ಹಿಂದಿನ ದಿನವೇ ಮೈಸೂರಿನಲ್ಲಿ ನೆಂಟರ ಮನೆಗೆ ಹೋಗಿ ಮಲಗಿ.

ಇನ್ನು ಏನು ನೋಡಬೇಕು ಅನ್ನೋದು. ಜಾಸ್ತಿ ಜನ ಹೋದ ಕೂಡಲೇ ಓಟ ನೋಡ್ತಾರೆ. ಕುದುರೆ ದೂರದಲ್ಲಿ ಕಾಣುತ್ತದೆ, ಗೊರಸಿನ ಸದ್ದು ಜೋರಾಗುತ್ತದೆ, ಮುಂದೆ ಹಾದು ಹೋಗುತ್ತದೆ, ಮುಗೀತು. ಚೆನ್ನಾಗಿರುತ್ತದೆ, ಇಲ್ಲ ಅನ್ನಲ್ಲ. ಆದರೆ ಕುದುರೆ ಹೇಗಿದೆ ಅಂತ ತಿಳಿಯೋದು ಅಲ್ಲಿ ಅಲ್ಲ. ಅದೂ ಅಲ್ಲದೆ ದಿನಾ ನಾಗಾಲೋಟ ಇರೋದಿಲ್ಲ. ವಾರಕ್ಕೆ ಒಂದೆರಡು ಸಲ ಮಾತ್ರ ಜೋರು ಓಟ, ಉಳಿದ ದಿನ ನಡಿಗೆ, ಟ್ರಾಟ್ (ನಡಿಗೆಗಿಂತ ಚುರುಕಾದ ಹೆಜ್ಜೆ), ನಿಧಾನದ ಕ್ಯಾಂಟರ್ (ನಾಗಾಲೋಟಕ್ಕಿಂತ ಕಡಿಮೆ ವೇಗದ ಓಟ) ಅಷ್ಟೇ. ಓಡಿಸುವುದೂ ಹೆಚ್ಚಾಗಿ ಮರಳಿನ ಟ್ರ್ಯಾಕಿನಲ್ಲಿ, ಹುಲ್ಲಿನ ಟ್ರ್ಯಾಕನ್ನು ರೇಸಿಗೆ ಅಂತ ಕಾಪಾಡಿಕೊಳ್ಳುತ್ತಾರೆ.

ನೀವು ಕಣ್ಣಿಡಬೇಕಾದ್ದು ಓಟ ಮುಗಿಸಿ ವಾಪಸ್ ಬರುವ ಕುದುರೆಯ ಮೇಲೆ. ಮೂಗಿನ ಹೊಳ್ಳೆ ಅರಳಿ ಒಳಗಿನ ಕೆಂಪು ಕಾಣುತ್ತಿರುತ್ತದೆ. ಕುದುರೆ ಬಾಯಿಂದ ಉಸಿರಾಡೋದಿಲ್ಲ, ಏನಿದ್ದರೂ ಮೂಗೇ. ಜೋರಾಗಿ ಓಡುವಾಗ ಒಂದು ನೆಗೆತಕ್ಕೆ ಒಂದೇ ಉಸಿರು, ಹಾಗಾಗಿ ನಿಮಿಷಕ್ಕೆ ನೂರಕ್ಕಿಂತ ಎಷ್ಟೋ ಜಾಸ್ತಿ ಸಲ ಉಸಿರಾಡಿರುತ್ತದೆ. ಸುಮ್ಮನೆ ನಿಂತಾಗ ನಿಮಿಷಕ್ಕೆ 30–40 ಸಲ ಬಡಿಯುವ ಹೃದಯ ಓಟದಲ್ಲಿ 200 ದಾಟುತ್ತದೆ. ಈ ಏದುಸಿರು ಎಷ್ಟು ಬೇಗ ತಗ್ಗುತ್ತದೆ ನೋಡಿ. ನಮ್ಮ ಕೊಡಗಿನ ಹಾಕಿ ಮ್ಯಾಚಿನಲ್ಲೂ ಅಷ್ಟೇ ಅಲ್ವಾ, ವಿಸಲ್ ಊದಿದ ಮೇಲೆ ಯಾರು ಮಂಡಿ ಹಿಡಿದು ಬಗ್ಗಿ ನಿಂತ, ಯಾರು ನಗುತ್ತಾ ನೀರು ಕುಡಿಯೋಕೆ ನಡೆದ ಅಂತ ನೋಡಿದರೆ ಫಿಟ್ ಯಾರು ಅಂತ ಗೊತ್ತಾಗುತ್ತದೆ.

ಆಮೇಲೆ ಸೈಸ್ ಬರುತ್ತಾನೆ, ಅಂದರೆ ಕುದುರೆ ನೋಡಿಕೊಳ್ಳುವ ಹುಡುಗ. ಜೀನು ಇಳಿಸಿದ ಜಾಗದಲ್ಲಿ ಬೆನ್ನು ಒದ್ದೆಯಾಗಿ ಹಬೆಯಾಡುತ್ತಿರುತ್ತದೆ. ತೊಡೆಗಳ ನಡುವೆ, ಲಗಾಮು ಉಜ್ಜುವ ಕತ್ತಿನ ಹತ್ತಿರ ಬಿಳಿ ನೊರೆ. ಮಗಳು ಹೆದರಬಹುದು, ಅದು ಕಾಯಿಲೆ ಅಲ್ಲ ಅಂತ ಮೊದಲೇ ಹೇಳಿ. ಕುದುರೆಯ ಬೆವರಿನಲ್ಲೇ ಒಂದು ಪ್ರೋಟೀನ್ ಇದೆ, ಉಜ್ಜಿದ ಕಡೆ ಸೋಪಿನ ಹಾಗೆ ನೊರೆ ಬರುತ್ತದೆ. ನೀರು ಹಾಕಿ, ಮೈಮೇಲಿನ ನೀರನ್ನು ಬಳಿದು ತೆಗೆದು, ಮೈ ತಣ್ಣಗಾಗುವ ತನಕ ನಡೆಸುತ್ತಾರೆ. ಆಗ ಸೈಸೋ ಟ್ರೈನರೋ ಬಗ್ಗಿ ಮುಂಗಾಲಿನ ಹಿಂಬದಿಯ ಹುರಿಯಂಥ ಸ್ನಾಯುರಜ್ಜುವನ್ನು (ಟೆಂಡನ್) ಮಂಡಿಯಿಂದ ಕೆಳಗಿನವರೆಗೂ ಅಂಗೈಯಲ್ಲಿ ಸವರುತ್ತಾರೆ. ಬಿಸಿ ಇದೆಯಾ, ಊತ ಇದೆಯಾ ಅಂತ. ನಾಗಾಲೋಟದಲ್ಲಿ ಒಂದು ಕ್ಷಣ ಒಂದೇ ಕಾಲಿನ ಮೇಲೆ ಕುದುರೆಯ ತೂಕದ ಎರಡು ಪಟ್ಟಿಗಿಂತ ಜಾಸ್ತಿ ಭಾರ ಬೀಳುತ್ತದೆ, ಕುದುರೆಯ ತೂಕವೇ 450–500 ಕಿಲೋ. ಇಡೀ ಬೆಳಗಿನಲ್ಲಿ ನನಗೆ ಅತಿ ಇಷ್ಟವಾಗೋದು ಈ ಕಾಲು ಸವರುವ ಕೆಲಸವೇ. ಯಾವ ಸ್ಟಾಪ್‌ವಾಚೂ ಇದನ್ನು ಹೇಳೋದಿಲ್ಲ.

ಮಗಳಿಗೆ ಇನ್ನೊಂದು ವಿಷಯ ಹೇಳಿ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತಾ ಇಲ್ವಾ ಅಂತ ಹಿಂದೆ ದೊಡ್ಡ ಜಗಳವೇ ಇತ್ತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಅನ್ನುವ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದು ತೋರಿಸಿದ. ನಾಲ್ಕೂ ಕಾಲು ಗಾಳಿಯಲ್ಲಿ ಇರುವುದು ನಿಜ, ಆದರೆ ಹಳೇ ಚಿತ್ರಗಳಲ್ಲಿ ಬರೆದ ಹಾಗೆ ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿದಾಗ. ಬರಿಗಣ್ಣಿಗೆ ಕಾಣಲ್ಲ. ಮೊಬೈಲಿನಲ್ಲಿ ಸ್ಲೋ ಮೋಷನ್ ಹಾಕಿ ತೆಗೆಯಲಿ, ಫ್ಲಾಶ್ ಮಾತ್ರ ಬೇಡ. ಕೂಗಬಾರದು, ಛತ್ರಿ ಬಿಚ್ಚಬಾರದು. ಎರಡು ವರ್ಷದ ಮರಿಗಳು ಗಾಳಿಗೆ ಹಾರುವ ಕವರ್ ಕಂಡರೂ ಬೆಚ್ಚುತ್ತವೆ, ಮೇಲೆ ಕೂತ ಹುಡುಗ ಬೀಳುತ್ತಾನೆ. ಕುದುರೆಯ ಹಿಂದೆ ಹೋಗಿ ನಿಲ್ಲಲೇಬಾರದು, ನೇರ ಬೆನ್ನ ಹಿಂದಿನದು ಅದಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಪೇಪರಿನಲ್ಲಿ ‘600 ಮೀಟರ್, 42 ಸೆಕೆಂಡ್, ಸಲೀಸಾಗಿ ಓಡಿತು’ ಅಂತೆಲ್ಲ ಬರುತ್ತಲ್ಲ, ಅದನ್ನು ನೋಡಿ ಯಾವ ಕುದುರೆ ಗೆಲ್ಲುತ್ತೆ ಅಂತ ಹೇಳಬಹುದಾ? – ಸಿದ್ದಾಪುರದಿಂದ ಒಬ್ಬರು

ಉತ್ತರ: ಹೇಳೋಕೆ ಆಗಲ್ಲ ಅಣ್ಣ. ಅದು ಬೆಳಗಿನ ತರಬೇತಿಯಲ್ಲಿ ಸ್ಟಾಪ್‌ವಾಚ್ ಹಿಡಿದು ಕೂತವರು ಬರೆದುಕೊಂಡ ಲೆಕ್ಕ. 600 ಮೀಟರಿಗೆ 42 ಸೆಕೆಂಡ್ ಅಂದ್ರೆ ಗಂಟೆಗೆ ಸುಮಾರು 51 ಕಿಲೋಮೀಟರ್ ವೇಗ. ಕೇಳೋಕೆ ಜೋರು. ಆದರೆ ಮೇಲೆ ಕೂತವನ ತೂಕ ಎಷ್ಟಿತ್ತು, ಮರಳು ಒದ್ದೆಯಿತ್ತಾ, ಲಗಾಮು ಎಳೆದು ಹಿಡಿದು ಓಡಿಸಿದನಾ ಅಥವಾ ಬಿಟ್ಟು ಓಡಿಸಿದನಾ, ಇದೆಲ್ಲ ಆ ನಂಬರಿನಲ್ಲಿ ಇಲ್ಲ. ನಂಬರಿಗಿಂತ ಪಕ್ಕದ ‘ಸಲೀಸಾಗಿ’ ಅನ್ನುವ ಮಾತಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಒತ್ತಿ ಓಡಿಸಿ ತೆಗೆದ 40 ಸೆಕೆಂಡಿಗಿಂತ ಸಲೀಸಾಗಿ ಬಂದ 42 ಒಳ್ಳೆಯದು. ಹಾಗಂತ ದುಡ್ಡು ಹಾಕಬೇಡಿ, ಕಾಫಿ ರೇಟು ಏರಿಳಿಯೋದನ್ನು ನೋಡಿದ್ದು ಸಾಲದಾ?

ಪ್ರಶ್ನೆ: ಮಗನಿಗೆ ಹದಿನೇಳು, 64 ಕಿಲೋ ಇದ್ದಾನೆ. ಜಾಕಿ ಆಗ್ತೀನಿ ಅಂತಾನೆ. – ತಂದೆಯೊಬ್ಬರು, ಸೋಮವಾರಪೇಟೆ

ಉತ್ತರ: ಕಷ್ಟ. ರೇಸಿನಲ್ಲಿ ಕುದುರೆ ಹೊರಬೇಕಾದ ಭಾರ ಹೆಚ್ಚಾಗಿ 50ರಿಂದ 60 ಕಿಲೋ ಒಳಗೆ, ಅದರಲ್ಲಿ ಜೀನೂ ಸೇರುತ್ತದೆ. ಹದಿನೇಳಕ್ಕೇ 64 ಇದ್ದವನು ಇನ್ನೂ ಬೆಳೆಯುತ್ತಾನೆ, ಅವನಿಗೆ ಪಂದಿಕರಿ ಬಿಡಿಸಿ ಉಪವಾಸ ಹಾಕೋದು ಬೇಡ. ಕುದುರೆ ಜೊತೆ ಬದುಕಬೇಕು ಅಂತಿದ್ದರೆ ದಾರಿ ಬೇರೆಯೂ ಇವೆ. ಪಶುವೈದ್ಯ ಓದಬಹುದು, ಹಾಸನದಲ್ಲೇ ಕಾಲೇಜಿದೆ. ಲಾಳ ಕಟ್ಟುವ ಕೆಲಸ ಕಲಿಯಬಹುದು, ಒಳ್ಳೆ ಕೈಗೆ ಯಾವಾಗಲೂ ಬೇಡಿಕೆ ಇದೆ. ಸೈನ್ಯದಲ್ಲಿ ಕುದುರೆ, ಹೇಸರಗತ್ತೆ, ನಾಯಿಗಳನ್ನು ನೋಡಿಕೊಳ್ಳುವ ದಳವೇ ಇದೆ, ನಿಮ್ಮ ಊರಿನ ಮಾಜಿ ಸೈನಿಕರನ್ನು ಕೇಳಿದರೆ ಹೇಳುತ್ತಾರೆ. ಅದಕ್ಕೂ ಮೊದಲು ರಜೆಯಲ್ಲಿ ಸವಾರಿ ಕಲಿಸುವ ಕಡೆ ಬಿಟ್ಟು ಬನ್ನಿ, ಒಂದು ತಿಂಗಳು ಬೆಳಗ್ಗೆ ನಾಲ್ಕಕ್ಕೆ ಎದ್ದು ಲಾಯದ ಲದ್ದಿ ಎತ್ತಲಿ. ಆಮೇಲೂ ಆಸೆ ಹಾಗೇ ಇದ್ದರೆ ನನಗೆ ಬರೆಯಿರಿ.