ಸಹಿ ಬಂದಿತೆಂದು ತರಗತಿ ನಿಲ್ಲಿಸಬೇಡಿ

ಹಾವೇರಿ ಜಿಲ್ಲೆಯ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ಪತ್ರದ ಸಾರ: "ನಮ್ಮ ಓಣಿಯ 11 ಜನ ಕೂಲಿಯ ಹೆಣ್ಣುಮಕ್ಕಳಿಗೆ ನಾಲ್ಕು ತಿಂಗಳಿನಿಂದ, ವಾರಕ್ಕೆ ಐದು ದಿನ, ರಾತ್ರಿ ಒಂದು ಗಂಟೆ ಓದು ಬರಹ ಕಲಿಸುತ್ತಿದ್ದೇನೆ. ವರ್ಣಮಾಲೆ ಮುಗಿದು ಕಾಗುಣಿತ ಆರಂಭವಾಗುವ ಹೊತ್ತಿಗೆ ಆರು ಜನ ಬಿಟ್ಟುಹೋದರು. ಉಳಿದ ಐವರು ಸಹಿ ಮಾಡುತ್ತಾರೆ, ಆದರೆ ಒಂದು ಸಾಲನ್ನೂ ಓದಲಾರರು. 'ಈ ವಯಸ್ಸಿಗೆ ಅಕ್ಷರ ತಲಿಗೆ ಹತ್ತೂದಿಲ್ರಿ ಅಕ್ಕಾರ' ಎನ್ನುತ್ತಾರೆ. ಇದು ನಿಜವೇ? ಹೆಬ್ಬೆಟ್ಟಂತೂ ತಪ್ಪಿತು, ಇಲ್ಲಿಗೆ ನಿಲ್ಲಿಸಬಹುದೇ?"

ಮಾನ್ಯರೇ,

ದಯವಿಟ್ಟು ನಿಲ್ಲಿಸಬೇಡಿ. ನಿಮ್ಮ ಲೆಕ್ಕವನ್ನೇ ಹಿಡಿದು ನೋಡಿದರೆ ಇದುವರೆಗೆ ನಡೆದಿರುವ ಪಾಠ ಸುಮಾರು 85 ಗಂಟೆ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ವಯಸ್ಕರಿಗೆ ಮೂರು ಹಂತದ ಪಠ್ಯವನ್ನು ರೂಪಿಸಿದಾಗ ಸುಮಾರು 200 ಗಂಟೆಗಳ ಕಲಿಕೆ ಬೇಕೆಂದು ಎಣಿಸಿತ್ತು. ಶಾಲೆಯ ಮಗು ಹಗಲೆಲ್ಲ ಕುಳಿತು, ವರ್ಷಗಟ್ಟಲೆ ಕಲಿಯುವುದನ್ನು, ದಿನವಿಡೀ ಹೊಲದಲ್ಲಿ ಬಾಗಿ ದುಡಿದು ಬಂದ ಹೆಂಗಸು ರಾತ್ರಿಯ ಒಂದು ಗಂಟೆಯಲ್ಲಿ ಕಲಿಯಬೇಕಾಗಿರುವಾಗ, ತಡವಾಗುತ್ತಿರುವುದಕ್ಕೆ ಅವಳ ತಲೆಯನ್ನು ದೂರುವುದು ನ್ಯಾಯವಲ್ಲ. ಒಂದು ಸಣ್ಣ ವಿಚಾರವನ್ನೂ ನೋಡಿಕೊಳ್ಳಿ: ಅವರಲ್ಲಿ ನಲವತ್ತು ದಾಟಿದವರು ಎಷ್ಟು ಜನ? ಚಾಳೀಸು ಬಂದ ಕಣ್ಣಿಗೆ ಪುಸ್ತಕದ ಸಣ್ಣ ಅಕ್ಷರ ಮಸುಕಾಗಿ ಕಾಣುತ್ತದೆ. ಓದು ಬಾರದವರು ಅದನ್ನು ಕಣ್ಣಿನ ದೋಷವೆಂದು ತಿಳಿಯದೆ ತಮ್ಮ ಬುದ್ಧಿಯ ದೋಷವೆಂದೇ ತಿಳಿಯುತ್ತಾರೆ. ಹತ್ತಿರದ ಕನ್ನಡಕವೊಂದು ಸಿಕ್ಕರೆ ಅರ್ಧ ಅಂಜಿಕೆ ಹೋಗುತ್ತದೆ.

ಸಹಿಯ ಮಾತು. ಹೆಬ್ಬೆಟ್ಟು ಒತ್ತುವ ಅವಮಾನದಿಂದ ಪಾರಾದುದು ಅವರಿಗೆ ದೊಡ್ಡ ಸಂಗತಿಯೆಂಬುದನ್ನು ನಾನು ಬಲ್ಲೆ. ಆದರೆ ನೋಡಿ ನೋಡಿ ಕೈಗೆ ರೂಢಿಯಾದ ಸಹಿ ರಂಗೋಲಿಯ ಎಳೆಯಂತೆ ಒಂದು ಚಿತ್ರ ಮಾತ್ರ. ಅದರ ಮೊದಲ ಅಕ್ಷರವನ್ನು ಬೇರೊಂದು ಪದದಲ್ಲಿ ತೋರಿಸಿ ಕೇಳಿದರೆ ನಿಮಗೇ ತಿಳಿಯುತ್ತದೆ. ಜನಗಣತಿಯೂ ಅರ್ಥ ತಿಳಿದು ಓದಿ ಬರೆಯಬಲ್ಲವರನ್ನಷ್ಟೇ ಸಾಕ್ಷರರೆನ್ನುತ್ತದೆ. 2011ರಲ್ಲಿ ಆ ಅಳತೆಗೆ ಕರ್ನಾಟಕದ ಮಹಿಳೆಯರಲ್ಲಿ ನಿಂತವರು ಶೇ. 68.08. ಸಾಕ್ಷರತಾ ಮಿಷನ್‌ನ ಅಳತೆ ಇನ್ನೂ ಖಚಿತವಾಗಿತ್ತು: ನಿಮಿಷಕ್ಕೆ 30 ಪದಗಳನ್ನು ಗಟ್ಟಿಯಾಗಿ ಓದಬೇಕು, ನೋಡಿಕೊಂಡು 7 ಪದಗಳನ್ನು, ಹೇಳಿದ್ದನ್ನು ಕೇಳಿ 5 ಪದಗಳನ್ನು ಬರೆಯಬೇಕು. ಸಂಘದ ಸಾಲದ ಕಾಗದದ ಕೆಳಗೆ ಸಹಿ ಹಾಕುವ ಕೈಗೆ, ಮೇಲೆ ಏನು ಬರೆದಿದೆಯೆಂದು ಓದುವ ಕಣ್ಣು ಜೊತೆಯಾಗದಿದ್ದರೆ, ಹೆಬ್ಬೆಟ್ಟಿಗಿಂತ ಆ ಸಹಿ ಅವರನ್ನು ಹೆಚ್ಚೇನೂ ಕಾಯುವುದಿಲ್ಲ.

ತೊಡಕು ಇರುವುದು ನೀವು ಹಿಡಿದ ಕ್ರಮದಲ್ಲಿ ಎಂದು ನನಗೆ ತೋರುತ್ತದೆ. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ತರಗತಿಗಳಲ್ಲಿ ಮಕ್ಕಳು ಸಹ ಅ, ಆ, ಇ, ಈ ಎಂದು ಆರಂಭಿಸದೆ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸುತ್ತಾರೆ. ಅಷ್ಟರಿಂದಲೇ ಸರ, ದರ, ಅರಸ, ಗರಗಸ ಓದಲು ಸಿಗುತ್ತವೆ. ವಯಸ್ಕರಿಗಂತೂ ಮೊದಲ ದಿನವೇ ಅರ್ಥವುಳ್ಳ ಪದ ಸಿಗಬೇಕು. 1963ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದ ಆಂಜಿಕೋಸ್ ಎಂಬ ಊರಿನಲ್ಲಿ ಆ ದೇಶದ ಶಿಕ್ಷಣತಜ್ಞ ಪೌಲೋ ಫ್ರೇರಿ ಸುಮಾರು 300 ದುಡಿಮೆಗಾರರಿಗೆ 40 ಗಂಟೆಗಳಲ್ಲಿ ಓದು ಕಲಿಸಲು ಹೊರಟಾಗ ಹಿಡಿದದ್ದು ಅವರ ಬಾಯಲ್ಲಿದ್ದ ಪದಗಳನ್ನೇ. ಅಂಥ ಪದವನ್ನು ಮೊದಲು ಮಾತಿಗೆ ತಂದು, ಆಮೇಲೆ ಬಿಡಿಸಿ, ಅದರ ತುಂಡುಗಳಿಂದ ಹೊಸ ಪದಗಳನ್ನು ಕಲಿಯುವವರೇ ಕಟ್ಟುತ್ತಿದ್ದರು. ಅನಕ್ಷರಸ್ಥರಿಗೆ ಮತದಾನದ ಹಕ್ಕೇ ಇರದಿದ್ದ ದೇಶ ಅದು; ಮರುವರ್ಷ ಸೈನ್ಯ ಅಧಿಕಾರ ಹಿಡಿದಾಗ ಫ್ರೇರಿ ಸೆರೆಮನೆ ಸೇರಬೇಕಾಯಿತು. ಅವರ 40 ಗಂಟೆಯ ಲೆಕ್ಕ ಕಾಗುಣಿತ, ಒತ್ತಕ್ಷರಗಳಿರುವ ನಮ್ಮ ಲಿಪಿಗೆ ಹೊಂದುವುದಿಲ್ಲ. ದಾರಿ ಮಾತ್ರ ಹೊಂದುತ್ತದೆ.

ನಿಮ್ಮ ಓಣಿಯಲ್ಲಿ ಅಂಥ ಪದ ಯಾವುದು? ನಾನಾದರೆ 'ಕೂಲಿ' ಎಂದು ಬರೆದು, ಮೊದಲು ಕೂಲಿಯ ಮಾತನ್ನೇ ಆಡಿಸುತ್ತಿದ್ದೆ: ಮೆಣಸಿನಕಾಯಿ ಬಿಡಿಸಲು ದಿನಕ್ಕೆಷ್ಟು, ಗಂಡಸರಿಗೆಷ್ಟು, ಹೆಂಗಸರಿಗೆಷ್ಟು. ಆಮೇಲೆ ಕ ಮತ್ತು ಲ ಎಂಬ ಎರಡೇ ಅಕ್ಷರಗಳನ್ನು ಹಿಡಿದು ಕಾಲು, ಕೀಲು, ಕೋಲು, ಕಾಲ, ಕಲಿ ಎಂದು ಅವರಿಂದಲೇ ಕಟ್ಟಿಸುತ್ತಿದ್ದೆ. ಕೊಂಬು, ಗುಡಿಸು, ಇಳಿ ಯಾವ ಕೆಲಸ ಮಾಡುತ್ತವೆಂಬುದು ಹಾಗೆ ಕೈಗೆ ಸಿಕ್ಕ ಮೇಲೆ ಕಾಗುಣಿತದ ಉದ್ದನೆಯ ಸಾಲು ಭಯ ಹುಟ್ಟಿಸುವುದಿಲ್ಲ. ಸಾಲ, ನೀರು, ಬೀಜ, ಹೊಲ, ದರ ಇವುಗಳಲ್ಲೂ ಒತ್ತಕ್ಷರವಿಲ್ಲ. ಒತ್ತಿಗೆ ಬಂದಾಗ ಅಕ್ಕ, ಅಪ್ಪ, ಅಕ್ಕಿಯಿಂದ ಹೊರಡಿ. ರೂಪ ಬದಲಿಸಿಕೊಳ್ಳುವ ತ, ನ, ಮ, ಯ, ರ, ಲ ಒತ್ತುಗಳನ್ನು ನಂತರ ಒಂದೊಂದಾಗಿ ತನ್ನಿ. ಅರ್ಕಾವೊತ್ತಿನಲ್ಲಿ ಮಾತ್ರ ತಾಳ್ಮೆ ಬೇಕು. ಅವರಿಗೆ ತುರ್ತಾಗಿ ಬೇಕಾದ 'ಅರ್ಜಿ', 'ಖರ್ಚು' ಎಂಬ ಪದಗಳಲ್ಲೇ ಅದು ಕುಳಿತಿದೆ, ಮತ್ತು ಮೊದಲು ನುಡಿಯುವ ರ್ ಅನ್ನು ನಾವು ನಂತರ ಬರೆಯುತ್ತೇವೆ. ಹೀಗೇಕೆ ಎಂದು ಅವರು ಕೇಳಿದರೆ ಅದು ದಡ್ಡತನದ ಪ್ರಶ್ನೆಯಲ್ಲ, ಕಿವಿಗೊಟ್ಟು ಕಲಿಯುತ್ತಿರುವವರ ಪ್ರಶ್ನೆ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸುತ್ತದೆ. ಪ್ರತಿದಿನ ಒಬ್ಬರಿಂದ ಎರಡು ಮಾತು ಹೇಳಿಸಿ, ಹೇಳಿದಂತೆಯೇ ಹಲಗೆಯ ಮೇಲೆ ಬರೆಯಿರಿ: "ನಿನ್ನಿ ಮಳಿ ಬಂತು. ಕೂಲಿ ಸಿಗಲಿಲ್ಲ." ನಿಮ್ಮ ಕಡೆಯ ಮಾತಿನಲ್ಲಿ ಮಳೆ 'ಮಳಿ'ಯಾಗುತ್ತದೆ, ಮನೆ 'ಮನಿ'ಯಾಗುತ್ತದೆ. ಮೊದಲ ತಿಂಗಳುಗಳಲ್ಲಿ ಅದನ್ನು ತಿದ್ದಬೇಡಿ. ತಾನು ಆಡಿದ ಮಾತೇ ಹಲಗೆಯ ಮೇಲಿದೆಯೆಂದು ಕಂಡವಳು ಅದನ್ನು ಓದುತ್ತಾಳೆ. ಬರೆದದ್ದು ತನ್ನ ಮಾತಲ್ಲವೆಂದು ಕಂಡರೆ, ತನಗೆ ಮಾತೂ ಬಾರದೆಂದುಕೊಂಡು ಸುಮ್ಮನಾಗುತ್ತಾಳೆ. ಓದು ಕೈಗೂಡಿದ ಮೇಲೆ, ಪುಸ್ತಕದಲ್ಲಿ ಇದನ್ನು 'ಮಳೆ' ಎಂದು ಬರೆಯುತ್ತಾರೆಂದು ತೋರಿಸಿದರೆ ಸಾಕು. ಅವರಿಗೆ ಬಾಯಿಪಾಠವಿರುವ ಬೀಸುಕಲ್ಲಿನ ಪದ, ಸೋಬಾನೆ ಪದಗಳನ್ನೂ ದಪ್ಪಕ್ಷರದಲ್ಲಿ ಬರೆದುಕೊಡಿ. ಹಾಡುತ್ತ ಬೆರಳಿಟ್ಟು ನಡೆಯುವಾಗ ಮುಂದಿನ ಪದ ಯಾವುದೆಂದು ಅವರಿಗೆ ಮೊದಲೇ ಗೊತ್ತಿರುವುದರಿಂದ ಅಕ್ಷರ ಗುರುತಿಸುವುದಷ್ಟೇ ಕೆಲಸವಾಗಿ ಉಳಿಯುತ್ತದೆ.

ಲೆಕ್ಕವನ್ನು ಒಂದು ಎರಡರಿಂದ ಕಲಿಸುವ ಅಗತ್ಯವಿಲ್ಲ. ವಾರದ ಬಟವಾಡೆಯನ್ನು ಬಾಯಲ್ಲೇ ಕೂಡಿಸುವವರಿಗೆ ಬೇಕಾದುದು ಅಂಕಿಯ ರೂಪ ಮಾತ್ರ, ಅದೂ ಮೊಬೈಲಿನಲ್ಲಿ ಅರ್ಧ ಪರಿಚಯವಾಗಿಯೇ ಇರುತ್ತದೆ.

ಬಿಟ್ಟುಹೋದ ಆರು ಜನರ ಮನೆಗೆ ಒಮ್ಮೆ ಹೋಗಿ ಬನ್ನಿ. ಸುಗ್ಗಿಯ ಕೆಲಸವಿದ್ದರೆ ಆ ದಿನಗಳಲ್ಲಿ ತರಗತಿಗೆ ಬಿಡುವು ಕೊಟ್ಟು, ಮತ್ತೆ ಆರಂಭವಾಗುವ ದಿನವನ್ನು ಅವರಿಂದಲೇ ಗೊತ್ತುಮಾಡಿಸಿ. ಐವರು ಹೇಳಿದ ಮಾತುಗಳನ್ನು ಬರೆದು ನಮಗೆ ಕಳುಹಿಸಿದರೆ, ಒಂದಕ್ಷರವನ್ನೂ ತಿದ್ದದೆ ದೊಡ್ಡ ಅಚ್ಚಿನಲ್ಲಿ 11 ಪ್ರತಿ ತೆಗೆಸಿ ಕಳುಹಿಸಿಕೊಡುತ್ತೇವೆ.

ಸಂಪಾದಕ