ರಾಜ್ಯಶಾಸ್ತ್ರದ ಪದವಿಗೆ ಒಂಬತ್ತು ಲಕ್ಷ ಸಾಲ: ತೋಟ ಅಡವಿಡುವ ಮೊದಲು

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಕೃಷಿಕ. ಎರಡು ಎಕರೆ ಅಡಿಕೆ ತೋಟವೇ ನಮ್ಮ ಜೀವನಾಧಾರ. ಮಗಳು ಪಿಯುಸಿಯಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಶೇ 91 ಅಂಕ ಪಡೆದಿದ್ದಾಳೆ. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ರಾಜ್ಯಶಾಸ್ತ್ರದ ಬಿ.ಎ.ಗೆ ಸೀಟು ಸಿಕ್ಕಿದೆ. ಶುಲ್ಕ, ಹಾಸ್ಟೆಲ್ ಸೇರಿ ವರ್ಷಕ್ಕೆ ಮೂರು ಲಕ್ಷ ಬೇಕು. ಬ್ಯಾಂಕು ಶೇ 10.5ರ ಬಡ್ಡಿಗೆ ಒಂಬತ್ತು ಲಕ್ಷ ಕೊಡಲು ಸಿದ್ಧವಿದೆ, ಆದರೆ ತೋಟವನ್ನು ಆಧಾರವಾಗಿ ಕೇಳುತ್ತಿದೆ. ಶಿವಮೊಗ್ಗದಲ್ಲೇ ಓದಲಿ ಎಂಬುದು ನನ್ನ ಇಚ್ಛೆ. ಅವಳ ಆಸೆಗೆ ಅಡ್ಡ ಬರಲೂ ಮನಸ್ಸಾಗುತ್ತಿಲ್ಲ. ಈ ಪದವಿಯ ಸಂಪಾದನೆಯಿಂದ ಸಾಲ ತೀರೀತೇ?

ಉತ್ತರ: ಮೊದಲು ಸಾಲದ ಲೆಕ್ಕವನ್ನು ಬಿಡಿಸಿ ನೋಡೋಣ, ಏಕೆಂದರೆ ನೀವು ತೀರಿಸಬೇಕಾದದ್ದು ಒಂಬತ್ತು ಲಕ್ಷಕ್ಕೆ ನಿಲ್ಲುವುದಿಲ್ಲ. ವರ್ಷಕ್ಕೆ ಮೂರು ಲಕ್ಷದಂತೆ ಬ್ಯಾಂಕು ಹಣ ಬಿಡುಗಡೆ ಮಾಡಿದರೆ, ಓದಿನ ಮೂರು ವರ್ಷ ಮತ್ತು ಆನಂತರದ ಒಂದು ವರ್ಷ ಕಂತು ಕಟ್ಟಬೇಕಿಲ್ಲವಾದರೂ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಆ ಬಡ್ಡಿ ಸುಮಾರು 2,83,000 ರೂಪಾಯಿ ಆಗಿ, ಕಂತು ಶುರುವಾಗುವ ದಿನ ಸಾಲ 11,83,000 ರೂಪಾಯಿಗೆ ಬಂದು ನಿಂತಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಹೆಚ್ಚುಕಡಿಮೆ 16,000 ರೂಪಾಯಿ ಬೇಕು. ಹದಿನೈದು ವರ್ಷಕ್ಕೆ ಎಳೆದರೆ ಕಂತು 13,000ಕ್ಕೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ 19 ಲಕ್ಷದಿಂದ 23.5 ಲಕ್ಷಕ್ಕೆ ಏರುತ್ತದೆ.

ಇನ್ನು ಸಂಪಾದನೆ. ರಾಜ್ಯಶಾಸ್ತ್ರದ ಪದವಿ ಬೆಲೆಯಿಲ್ಲದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ, ಶರಾವತಿಯ ಅಣೆಕಟ್ಟಿನ ಮುಳುಗಡೆಯನ್ನು ಕಂಡ ಜಿಲ್ಲೆಯ ಹುಡುಗಿಗೆ ಈ ವಿಷಯದ ಮೇಲೆ ಒಲವು ಹುಟ್ಟುವುದು ಸಹಜ, ಮತ್ತು ಆ ಒಲವು ಅವಳನ್ನು ಬಹಳ ದೂರ ಒಯ್ಯಬಲ್ಲದು. ಆದರೆ ಈ ಪದವಿಯ ಒಳ್ಳೆಯ ಉದ್ಯೋಗಗಳೆಲ್ಲ ಬಿ.ಎ. ಮುಗಿದ ಮೇಲೆ ಇನ್ನೊಂದು ಹಂತ ದಾಟಿದವರಿಗೆ ಸಿಗುವಂಥವು. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ ಯುಜಿಸಿ ಶ್ರೇಣಿಯಲ್ಲಿ 57,700 ರೂಪಾಯಿ, ಅದಕ್ಕೆ ಎಂ.ಎ.ಯಲ್ಲಿ ಶೇ 55 ಅಂಕ, ಜೊತೆಗೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆಯ ತೇರ್ಗಡೆ ಬೇಕು. ಅವೆರಡೂ ಇದ್ದು ಕಾಯಂ ಹುದ್ದೆ ಸಿಗದೆ ಅತಿಥಿ ಉಪನ್ಯಾಸಕರಾಗಿ ಉಳಿದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ವಿದ್ಯಾರ್ಹತೆ, ಸೇವಾವಧಿಗೆ ತಕ್ಕಂತೆ 26,000ದಿಂದ 32,000 ರೂಪಾಯಿಗೆ ನಿಗದಿ ಮಾಡಿತು. ಪ್ರೌಢಶಾಲೆಗೆ ಹೋಗುವುದಾದರೆ ಬಿ.ಇಡಿ. ಮಾಡಬೇಕು, ವಕೀಲಿಕೆಗೆ ಇನ್ನೂ ಮೂರು ವರ್ಷದ ಎಲ್ಎಲ್‌ಬಿ ಓದಬೇಕು. ಕೆಎಎಸ್, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗಳಿಗೆ ಯಾವುದೇ ಪದವಿ ಸಾಕು, ಆದರೆ ಅಧಿಸೂಚನೆಗೆ ಕಾಯಬೇಕು. ಈ ಪರೀಕ್ಷೆಗಳಲ್ಲಿ ಯಾವುದೂ ಪದವಿ ಎಲ್ಲಿ ಪಡೆದದ್ದೆಂದು ನೋಡಿ ಅಂಕ ಕೊಡುವುದಿಲ್ಲ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1,750 ಅಂಕಗಳಲ್ಲಿ 500 ಐಚ್ಛಿಕ ವಿಷಯಕ್ಕಿವೆ. ರಾಜ್ಯಶಾಸ್ತ್ರ ಅಲ್ಲಿ ನೆರವಾಗುವುದು ಅವಳು ಓದಿದ್ದರಿಂದ, ಕಾಲೇಜಿಗೆ ಕಟ್ಟಿದ ಶುಲ್ಕದಿಂದಲ್ಲ.

ಹೀಗಾಗಿ ಬಿ.ಎ. ಮುಗಿದ ಮೇಲಿನ ಎರಡರಿಂದ ಐದು ವರ್ಷ ನಿಮ್ಮ ಮಗಳ ಪಾಲಿಗೆ ಅತಿ ಮುಖ್ಯವಾದ ಕಾಲ, ಮತ್ತು ಬ್ಯಾಂಕಿನ ಕಂತು ಬಂದು ಬೀಳುವುದೂ ಅದೇ ಕಾಲದಲ್ಲಿ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೀಗೆಯೇ ಸಾಲ ಮಾಡಿ ಓದಿ, ಬೆಂಗಳೂರಿನಲ್ಲಿ 22,000 ರೂಪಾಯಿಯ ಕೆಲಸಕ್ಕೆ ಸೇರಿದ್ದಳು. ಪಿಜಿ ವಸತಿಗೆ 8,000, ಕಂತಿಗೆ 11,000 ಹೋದ ಮೇಲೆ ಉಳಿಯುತ್ತಿದ್ದದ್ದು ಮೂರು ಸಾವಿರ. ಪಿಡಿಒ ಪರೀಕ್ಷೆಗೆ ಓದಲು ಆರು ತಿಂಗಳು ಕೆಲಸ ಬಿಡುವ ಧೈರ್ಯ ಅವಳಿಗೆ ಬರಲೇ ಇಲ್ಲ. ಒಂದು ವರ್ಷ ಕೆಲಸ ಹೋದಾಗ, ಬೆಲೆ ಬರಲೆಂದು ಅವರಪ್ಪ ಅಟ್ಟದಲ್ಲಿಟ್ಟಿದ್ದ ರಾಶಿ ಅಡಿಕೆಯ ಮೂಟೆಗಳನ್ನು ಸಿಕ್ಕ ದರಕ್ಕೆ ಮಂಡಿಗೆ ಹಾಕಬೇಕಾಯಿತು. ಆ ಮೂಟೆಗಳನ್ನು ಇಳಿಸುವಾಗ ನಾನು ಅಲ್ಲೇ ಇದ್ದೆ, ಇಂದಿಗೂ ಮರೆತಿಲ್ಲ. ಕೆಲಸ ಸಿಗದಿದ್ದರೆ ಯುವನಿಧಿ ಇದೆಯಲ್ಲ ಎಂದು ಕೆಲವರು ಹೇಳಬಹುದು. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಪಡೆದ ಆ ಯೋಜನೆಯಲ್ಲಿ ಪದವೀಧರರಿಗೆ ಸಿಗುವುದು ತಿಂಗಳಿಗೆ 3,000 ರೂಪಾಯಿ, ಅದೂ ಗರಿಷ್ಠ ಎರಡು ವರ್ಷ.

ತೋಟದ ಆಧಾರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಕೊಡಬೇಡಿ. ಎಲೆಚುಕ್ಕೆ ರೋಗ, ಕೊಳೆ ಯಾವ ವರ್ಷ ಎಷ್ಟು ಫಸಲು ತಿನ್ನುತ್ತವೆಂದು ಹೇಳಲಾಗದಿರುವಾಗ, ತಪ್ಪದೆ ಬರುವ ಕಂತಿಗೆ ಆ ಎರಡು ಎಕರೆಯನ್ನು ಕಟ್ಟಿಹಾಕುವುದು ಸರಿಯಲ್ಲ. ಸಾಮಾನ್ಯವಾಗಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಆಧಾರ ಕೇಳುವುದಿಲ್ಲ. ನೀವು ಆ ಗಡಿ ದಾಟಿದ್ದರಿಂದಲೇ ಈ ಮಾತು ಬಂದಿದೆ. ಆ ವಿಶ್ವವಿದ್ಯಾಲಯ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನೂ ನೋಡಿ. ಇದ್ದರೆ ಆಧಾರವಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದೊಳಗಿದ್ದರೆ, ಹತ್ತು ಲಕ್ಷದವರೆಗಿನ ಸಾಲಕ್ಕೆ ಕಂತು ಆರಂಭವಾಗುವ ಮೊದಲಿನ ಅವಧಿಯಲ್ಲಿ ಶೇ 3ರ ಬಡ್ಡಿ ಸಹಾಯಧನವೂ ಇದೆ.

ಶಿವಮೊಗ್ಗದ ದಾರಿಯನ್ನು ಮಗಳು ಕಡಿಮೆಯೆಂದು ಭಾವಿಸದಂತೆ ತಿಳಿಸಿ ಹೇಳಿ. ಕುವೆಂಪು ವಿಶ್ವವಿದ್ಯಾಲಯದ ಘಟಕವಾದ ಸಹ್ಯಾದ್ರಿ ಕಲಾ ಕಾಲೇಜು ನಗರದಲ್ಲೇ ಇದೆ. ಸರ್ಕಾರಿ ಪದವಿ ಕಾಲೇಜಾದರೆ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೂ ಇದೆ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಕ್ಕೆ ಅರ್ಹತೆಯಿದ್ದರೆ ಊಟ, ವಸತಿಯ ಚಿಂತೆಯೂ ಇಲ್ಲ. ಪಿಜಿಯಲ್ಲಿದ್ದು ಓದಿದರೂ ವರ್ಷಕ್ಕೆ ಒಂದು ಲಕ್ಷ ದಾಟಲಾರದೆಂದು ನನ್ನ ಅಂದಾಜು. (ಶಕ್ತಿ ಯೋಜನೆಯ ಉಚಿತ ಪ್ರಯಾಣವನ್ನು ಹೆಚ್ಚು ನೆಚ್ಚಬೇಡಿ, ನಿಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ.) ಹೀಗೆ ಉಳಿದ ಸಾಲದ ಶಕ್ತಿಯನ್ನು ಎಂ.ಎ., ಕಾನೂನು ಪದವಿ ಅಥವಾ ಪರೀಕ್ಷೆಯ ಸಿದ್ಧತೆಗೆ ಇಟ್ಟುಕೊಳ್ಳಬಹುದು.

ಇಷ್ಟಾಗಿಯೂ ಮಗಳು ಬೆಂಗಳೂರನ್ನೇ ಬಯಸಿದರೆ, ಆ ವಿಶ್ವವಿದ್ಯಾಲಯಕ್ಕೆ ಒಂದು ಪ್ರಶ್ನೆ ಬರೆದು ಕೇಳಲಿ: ಕಳೆದ ವರ್ಷ ರಾಜ್ಯಶಾಸ್ತ್ರದ ಬಿ.ಎ. ಮುಗಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರಲ್ಲಿ ಅತಿ ಕಡಿಮೆ ಸಂಬಳ ಎಷ್ಟು? ಎಲ್ಲ ವಿಭಾಗ ಸೇರಿಸಿದ ಸರಾಸರಿಯನ್ನು ಒಪ್ಪಬೇಡಿ. ಆ ಕಡಿಮೆ ಸಂಬಳದಲ್ಲಿ ಬಾಡಿಗೆ, ಊಟ ಕಳೆದು 16,000 ಉಳಿಯದಿದ್ದರೆ ಸಾಲ ಅವಳ ಸಂಪಾದನೆಯಿಂದ ತೀರುವುದಿಲ್ಲ. ವಿದ್ಯಾರ್ಥಿವೇತನ ಸಿಕ್ಕಿ ಸಾಲ ನಾಲ್ಕು ಲಕ್ಷದೊಳಗೆ ಬಂದರೆ ಕಂತು ಏಳು ಸಾವಿರದ ಆಸುಪಾಸಿಗೆ ಇಳಿಯುತ್ತದೆ; ಆಗ ನಾನೂ ಹೋಗಲಿ ಎನ್ನುತ್ತೇನೆ. ಸಹಿ ಹಾಕುವ ಮೊದಲು ಅವಳನ್ನು ಜೊತೆಗೆ ಕರೆದುಕೊಂಡು ಹೋಗಿ ವ್ಯವಸ್ಥಾಪಕರ ಎದುರು ಕಂತಿನ ಪಟ್ಟಿಯನ್ನು ಅವಳ ಕೈಯಲ್ಲೇ ಓದಿಸಿ. ಶಿಕ್ಷಣ ಸಾಲದಲ್ಲಿ ನೀವು ಸಹ ಸಾಲಗಾರರು. ಅವಳ ಕಂತು ತಪ್ಪಿದರೆ ನಿಮ್ಮ ಹೆಸರಿನ ಸಿಬಿಲ್ ಅಂಕವೂ ಇಳಿದು, ಮುಂದಿನ ವರ್ಷದ ಬೆಳೆ ಸಾಲಕ್ಕೂ ತೊಡಕಾಗಬಹುದೆಂಬುದು ಅವಳಿಗೆ ಮೊದಲೇ ತಿಳಿದಿರಲಿ.