ಬ್ಯಾಂಜೊ ಬಿಟ್ಟ ತಂಡ, ಒಮ್ಮತಕ್ಕೆ ಬಾರದ ವಿಮರ್ಶಕರು

ಪ್ರಶ್ನೆ: ಲಂಡನ್ನಿನ ಇಂಡೀ ಫೋಕ್ ತಂಡ ಮಮ್‌ಫರ್ಡ್ ಆ್ಯಂಡ್ ಸನ್ಸ್‌ನ ಮೊದಲ ಎರಡು ಆಲ್ಬಂಗಳನ್ನು ಮೆಚ್ಚಿ ಕೇಳಿದವನು ನಾನು. ಮೂರನೆಯದಾದ ‘ವೈಲ್ಡರ್ ಮೈಂಡ್’ ಕುರಿತು ಓದಲು ಹೋದರೆ ‘ಮಿಶ್ರ ಪ್ರತಿಕ್ರಿಯೆ’ ಎಂಬ ಮಾತೇ ಎದುರಾಗುತ್ತದೆ. ಬ್ಯಾಂಜೊ ಎಂಬ ತಂತಿವಾದ್ಯವನ್ನು ಕೈಬಿಟ್ಟದ್ದೇ ಅವರ ತಪ್ಪಾಯಿತೇ?
– ಓದುಗರು, ಮೈಸೂರು

ಉತ್ತರ: ಬ್ಯಾಂಜೊ ಕೈಬಿಟ್ಟದ್ದು ತಪ್ಪಲ್ಲ, ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವ ವಾದ್ಯಕ್ಕೂ ಸರಿಯಾಗಿ ವಹಿಸಿಕೊಡಲಿಲ್ಲ ಎಂಬುದು ನನ್ನ ತಕರಾರು. 2009ರ ‘ಸೈ ನೋ ಮೋರ್’ ಮತ್ತು 2012ರ ‘ಬೇಬಲ್’ ಆಲ್ಬಂಗಳ ದಿನಗಳಲ್ಲಿ ಮಾರ್ಕಸ್ ಮಮ್‌ಫರ್ಡ್ ಅಕೂಸ್ಟಿಕ್ ಗಿಟಾರ್ ನುಡಿಸುತ್ತ, ಹಾಡುತ್ತ, ಜೊತೆಗೆ ಕಾಲಿನಿಂದ ಕಿಕ್ ಡ್ರಮ್ ಬಡಿಯುತ್ತಿದ್ದರು. ಆ ಒಂದೊಂದು ಏಟಿನ ನಡುವೆ ಉಳಿಯುತ್ತಿದ್ದ ಜಾಗವನ್ನು ವಿನ್‌ಸ್ಟನ್ ಮಾರ್ಷಲ್ ಅವರ ಬ್ಯಾಂಜೊ ಬಿಡಿಬಿಡಿ ಸ್ವರಗಳಿಂದ ತುಂಬುತ್ತಿದ್ದುದರಿಂದ, ಪೂರ್ಣ ಡ್ರಮ್ ಸೆಟ್ ಇಲ್ಲದೆಯೂ ಹಾಡಿಗೆ ಓಟ ಬರುತ್ತಿತ್ತು. ನಮ್ಮ ನೀಲಗಾರರ ಮೇಳದಲ್ಲಿ ಗಗ್ಗರದ ಸದ್ದನ್ನು ತೆಗೆದು ಕೇಳಿದರೆ ಏನು ಕಳೆದುಹೋಗುತ್ತದೆಂದು ಊಹಿಸಿಕೊಂಡರೆ ಇದು ಅರ್ಥವಾದೀತು.

2015ರ ಮೇ ತಿಂಗಳಲ್ಲಿ ಬಂದ ‘ವೈಲ್ಡರ್ ಮೈಂಡ್’ಗೆ ಜೇಮ್ಸ್ ಫೋರ್ಡ್ ನಿರ್ಮಾಪಕರಾಗಿದ್ದರು, ಹಾಡುಗಳಲ್ಲಿ ಕೆಲವು ‘ದಿ ನ್ಯಾಷನಲ್’ ತಂಡದ ಆ್ಯರನ್ ಡೆಸ್ನರ್ ಅವರ ಬ್ರೂಕ್ಲಿನ್ ಸ್ಟುಡಿಯೋದಲ್ಲಿ ರೂಪುಗೊಂಡವು. ಎಲೆಕ್ಟ್ರಿಕ್ ಗಿಟಾರ್, ಸಿಂಥಸೈಜರ್, ಪೂರ್ಣ ಡ್ರಮ್ ಸೆಟ್ ಎಲ್ಲವೂ ಬಂದವು. ಆದರೆ ಪಿಸುದನಿಯಲ್ಲಿ ಆರಂಭವಾಗಿ ಕೊನೆಗೆ ಅಬ್ಬರಕ್ಕೇರುವ ಹಾಡಿನ ಹಳೆಯ ರಚನೆ ಮಾತ್ರ ಬಹುಪಾಲು ಹಾಗೆಯೇ ಉಳಿಯಿತು. ಬ್ಯಾಂಜೊ ಇದ್ದಾಗ ಆ ಏರಿಕೆ ಕುಣಿತದಂತೆ ಕೇಳುತ್ತಿತ್ತು, ಎಲೆಕ್ಟ್ರಿಕ್ ಗಿಟಾರ್ ಬಂದ ಮೇಲೆ ದೊಡ್ಡ ಕ್ರೀಡಾಂಗಣಗಳಲ್ಲಿ ಹಾಡುವ ಯಾವುದೇ ರಾಕ್ ತಂಡದ ಹಾಡಿನಂತೆ ಕೇಳತೊಡಗಿತು. ಕೆಲವು ವಿಮರ್ಶಕರು ಇದನ್ನು ಬೆಳವಣಿಗೆಯೆಂದು ಸ್ವಾಗತಿಸಿದರೆ, ಇನ್ನು ಕೆಲವರು ತಂಡ ತನ್ನ ಗುರುತನ್ನೇ ಅಳಿಸಿಕೊಂಡಿತೆಂದು ಬರೆದರು. ನಗರದ ಹುಡುಗರು ವೇಸ್ಟ್‌ಕೋಟು ತೊಟ್ಟು ಹಳ್ಳಿಗರ ವೇಷ ಹಾಕಿದ್ದಾರೆಂದು ಹಿಂದೆ ಗೇಲಿ ಮಾಡಿದ್ದ ವಿಮರ್ಶಾಲೋಕದಲ್ಲೇ ಈಗ ಬ್ಯಾಂಜೊ ಎಲ್ಲಿ ಹೋಯಿತೆಂಬ ಪ್ರಶ್ನೆ ಎದ್ದದ್ದು ತಮಾಷೆಯೇ ಸರಿ.

ಪ್ರಶ್ನೆ: ‘ಮಿಶ್ರ’ ಎಂಬುದಕ್ಕೆ ಅಳತೆಗೋಲು ಏನಾದರೂ ಇದೆಯೇ? ವಿಮರ್ಶೆ ಹಾಗಿದ್ದರೂ ಆಲ್ಬಂ ಮಾರಾಟವಾಯಿತೇ?
– ಓದುಗರು, ಹುಬ್ಬಳ್ಳಿ

ಉತ್ತರ: ಮೆಟಾಕ್ರಿಟಿಕ್ ಎಂಬ ಜಾಲತಾಣವು ಬೇರೆ ಬೇರೆ ಪತ್ರಿಕೆಗಳ ವಿಮರ್ಶೆಗಳನ್ನು 100ರ ಅಂಕಗಳಿಗೆ ಇಳಿಸಿ, ಪತ್ರಿಕೆಯ ತೂಕವನ್ನೂ ಲೆಕ್ಕಕ್ಕೆ ಹಿಡಿದು ಸರಾಸರಿ ತೆಗೆಯುತ್ತದೆ. ಸಂಗೀತದಲ್ಲಿ 40ರಿಂದ 60ರವರೆಗಿನ ಸರಾಸರಿಗೆ ಅದು ‘ಮಿಶ್ರ’ ಎಂಬ ಹೆಸರು ಕೊಡುತ್ತದೆ. ಇಲ್ಲೊಂದು ಕುಂದಿದೆ: ಹತ್ತು ಮಂದಿಯೂ ‘ಪರವಾಗಿಲ್ಲ’ ಎಂದು 50 ಅಂಕ ಕೊಟ್ಟರೂ, ಐವರು 80 ಕೊಟ್ಟು ಉಳಿದ ಐವರು 20 ಕೊಟ್ಟರೂ ಸರಾಸರಿ ಒಂದೇ. ಮೊದಲನೆಯದು ಉದಾಸೀನ, ಎರಡನೆಯದು ಜಗಳ; ಕೇಳುಗನಿಗೆ ಎರಡನೆಯದೇ ಹೆಚ್ಚು ಕುತೂಹಲದ ಆಲ್ಬಂ. ಆದ್ದರಿಂದ ಅಂಕವನ್ನು ಬಿಟ್ಟು, ತೀರಾ ಹೊಗಳಿದ ಒಂದು ಹಾಗೂ ತೀರಾ ತೆಗಳಿದ ಒಂದು ವಿಮರ್ಶೆಯನ್ನು ಪೂರ್ತಿಯಾಗಿ ಓದುವುದು ಮೇಲು. 2013ರಲ್ಲಿ ವರ್ಷದ ಆಲ್ಬಂ ಎಂಬ ಗ್ರ್ಯಾಮಿ ಪ್ರಶಸ್ತಿ ಪಡೆದ ‘ಬೇಬಲ್’ ಕೂಡ ಎಲ್ಲ ವಿಮರ್ಶಕರ ಮೆಚ್ಚುಗೆ ಗಳಿಸಿದ್ದಲ್ಲ.

ಮಾರಾಟದ ಮಾತಿಗೆ ಬಂದರೆ, ‘ಬೇಬಲ್’ ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 6 ಲಕ್ಷ ಪ್ರತಿ ಖರ್ಚಾಗಿತ್ತು. ‘ವೈಲ್ಡರ್ ಮೈಂಡ್’ ಅದರ ಅರ್ಧವನ್ನೂ ಮುಟ್ಟಲಿಲ್ಲ. ಆದರೂ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಪಟ್ಟಿಯ ಮೊದಲ ಸ್ಥಾನಕ್ಕೇ ಬಂತು. ಬ್ಯಾಂಜೊವನ್ನು ಅಲ್ಲಲ್ಲಿ ಮರಳಿ ತಂದ 2018ರ ‘ಡೆಲ್ಟಾ’ ಕೂಡ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆಯಿತು, ವಿಮರ್ಶಕರು ಮಾತ್ರ ಆಗಲೂ ಒಮ್ಮತಕ್ಕೆ ಬರಲಿಲ್ಲ.

ಪ್ರಶ್ನೆ: ಈ ತಂಡವನ್ನು ನಾನು ಕೇಳಿಯೇ ಇಲ್ಲ. ಎಲ್ಲಿಂದ ಆರಂಭಿಸಲಿ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲ ಆಲ್ಬಂನಿಂದಲೇ ಆರಂಭಿಸಿ, ಅದರ ಮರುದಿನ ‘ವೈಲ್ಡರ್ ಮೈಂಡ್’ ಕೇಳಿ, ಹೋಲಿಕೆ ತಾನಾಗಿ ಹೊಳೆಯುತ್ತದೆ. ನಡುವೆ ಬಿಡುವಿದ್ದರೆ, ರಾಜಸ್ಥಾನದ ಜನಪದ ಕಲಾವಿದರ ಧರೋಹರ್ ಪ್ರಾಜೆಕ್ಟ್ ಮತ್ತು ಗಾಯಕಿ ಲಾರಾ ಮಾರ್ಲಿಂಗ್ ಅವರೊಡನೆ ಈ ತಂಡ 2010ರಲ್ಲಿ ಹೊರತಂದ ನಾಲ್ಕು ಹಾಡುಗಳ ಕಿರು ಆಲ್ಬಂ ಇದೆ. ವಾದ್ಯ ಬದಲಾದಾಗಲೂ ಹಾಡಿನ ಓಟವನ್ನು ಉಳಿಸಿಕೊಳ್ಳಬಹುದೆಂಬುದನ್ನು ಇವರೇ ಐದು ವರ್ಷ ಮೊದಲು ಅದರಲ್ಲಿ ತೋರಿಸಿದ್ದರು.